ನಿಂತ ಗಾಡಿಯ ಬ್ಯಾಟರಿ: ಮಾಲೀಕನ ನಷ್ಟ, ವರ್ತಕನ ಹೊಣೆ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದಲ್ಲಿ ಬೆಳೆಗಳಿಗೆ ಇರುವಂತೆ ವಾಹನಗಳಿಗೂ ಒಂದು ಹಂಗಾಮು ಇದೆ. ಕಬ್ಬು ಅರೆಯುವ ಕಾಲದಲ್ಲಿ ಹಗಲಿರುಳು ಓಡಿದ ಲಾರಿ, ಟ್ರ್ಯಾಕ್ಟರ್‌ಗಳು ಕಾರ್ಖಾನೆಗಳು ನಿಂತೊಡನೆ ಮರದ ನೆರಳಿಗೋ ತಗಡಿನ ಶೆಡ್ಡಿಗೋ ಸೇರುತ್ತವೆ. ಲಕ್ಷಾಂತರ ರೂಪಾಯಿ ಸಾಲ ಮಾಡಿ ಕೊಂಡ ಕಬ್ಬು ಕಟಾವು ಯಂತ್ರವಂತೂ ವರ್ಷದ ಅರ್ಧಭಾಗ ಅಲುಗಾಡುವುದಿಲ್ಲ. ತೊಗರಿ ರಾಶಿಯ ಯಂತ್ರಕ್ಕೆ ಸುಗ್ಗಿ ಮುಗಿದ ಮೇಲೆ ಕೆಲಸವಿಲ್ಲ. ಪುಣೆ, ಬೆಂಗಳೂರು, ಗೋವೆಗಳಲ್ಲಿ ನೆಲೆಸಿರುವ ಕುಟುಂಬಗಳು ಊರ ಮನೆಯಲ್ಲೊಂದು ಕಾರು ಇಟ್ಟು ಹಬ್ಬಕ್ಕೊಮ್ಮೆ ಬಂದು ಓಡಿಸುವುದು ಈಗ ಅಪರೂಪವಲ್ಲ. ಇಂತಹ ವಾಹನಗಳ ಎಂಜಿನ್ ಬಗ್ಗೆ, ಟೈರಿನ ಬಗ್ಗೆ ಮಾಲೀಕರಿಗೆ ಕಾಳಜಿ ಇರುತ್ತದೆ. ಬ್ಯಾಟರಿಯ ನೆನಪಾಗುವುದು ಕೀಲಿ ತಿರುಗಿಸಿದಾಗ ‘ಟಕ್’ ಎಂಬ ಸದ್ದಷ್ಟೇ ಬಂದ ದಿನ.

ಆ ದಿನ ನಡೆಯುವ ಸಂಭಾಷಣೆಯೂ ಎಲ್ಲ ಊರುಗಳಲ್ಲಿ ಒಂದೇ. ಬ್ಯಾಟರಿ ಕೊಂಡು ವರ್ಷವೂ ಆಗಿಲ್ಲ, ಮಾಲು ಕಳಪೆ ಎಂದು ಗ್ರಾಹಕನ ವಾದ. ಕಂಪನಿಯ ಕರಾರಿನಲ್ಲಿ ಚಾರ್ಜು ಇಳಿದದ್ದನ್ನು ತಯಾರಿಕೆಯ ದೋಷವೆಂದು ಒಪ್ಪುವುದಿಲ್ಲ ಎಂದು ಅಂಗಡಿಯವನ ಉತ್ತರ. ಇಬ್ಬರ ಮಾತಿನಲ್ಲೂ ಸತ್ಯಾಂಶವಿದೆ, ಇಬ್ಬರೂ ಮುಖ್ಯ ಸಂಗತಿಯನ್ನು ಬಿಟ್ಟಿದ್ದಾರೆ. ಈ ಪ್ರದೇಶದಲ್ಲಿ ಬಹಳಷ್ಟು ಬ್ಯಾಟರಿಗಳು ದುಡಿದು ಸಾಯುವುದಿಲ್ಲ, ಸುಮ್ಮನೆ ಕುಳಿತು ಸಾಯುತ್ತವೆ.

ಇದರ ದೊಡ್ಡ ಪ್ರಯೋಗವೊಂದು ಯಾರೂ ಬಯಸದೆ ನಡೆದುಹೋಯಿತು. 2020ರ ಮಾರ್ಚ್ 22ರ ಜನತಾ ಕರ್ಫ್ಯೂ, ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್. ಬಯಲುಸೀಮೆಯ ಅತ್ಯಂತ ಬಿಸಿಯ ಎರಡು ತಿಂಗಳು ವಾಹನಗಳು ನಿಂತಲ್ಲೇ ನಿಂತವು. ನಿರ್ಬಂಧಗಳು ಹಂತಹಂತವಾಗಿ ಸಡಿಲಗೊಂಡಾಗ ಯಾವ ದೋಷವೂ ಇಲ್ಲದ ಗಾಡಿಗಳು ಚಾಲೂ ಆಗಲಿಲ್ಲ. ಎಲೆಕ್ಟ್ರಿಷಿಯನ್ನರ ಬಾಗಿಲಲ್ಲಿ ಬ್ಯಾಟರಿಗಳ ಸಾಲು ನಿಂತಿತು. 2021ರ ಏಪ್ರಿಲ್ ಕೊನೆಯಲ್ಲಿ ರಾಜ್ಯದಲ್ಲಿ ಮತ್ತೆ ನಿರ್ಬಂಧ ಬಂದಾಗ, ಹಿಂದಿನ ವರ್ಷ ಪೆಟ್ಟು ತಿಂದವರಲ್ಲಿ ಅನೇಕರು ಅದೇ ತಪ್ಪನ್ನು ಮತ್ತೊಮ್ಮೆ ಮಾಡಿದರು. ಲಾಕ್‌ಡೌನ್ ಮುಗಿದು ವರ್ಷಗಳಾದರೂ ಪ್ರತಿ ಮುಂಗಾರಿಗೆ ಅದರ ಚಿಕ್ಕ ಆವೃತ್ತಿ ಈ ತಾಲ್ಲೂಕುಗಳಲ್ಲಿ ನಡೆಯುತ್ತಲೇ ಇದೆ.

ಬ್ಯಾಟರಿಯ ಒಳಗೆ ನಡೆಯುವುದನ್ನು ಅರಿತರೆ ಉಳಿದದ್ದು ತಾನೇ ಸ್ಪಷ್ಟವಾಗುತ್ತದೆ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯನ್ನು ರೂಪಿಸಿದ. ಹೊರಕವಚ, ಜಾಲರಿ, ಮಿಶ್ರಲೋಹ ಎಲ್ಲವೂ ಸುಧಾರಿಸಿವೆ, ಮೂಲ ರಸಾಯನಕ್ರಿಯೆ ಮಾತ್ರ ಇಂದಿಗೂ ಅದೇ. ಬ್ಯಾಟರಿ ವಿದ್ಯುತ್ತು ಕೊಡುವಾಗ ಎರಡೂ ಬಗೆಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ. ಬೇಗ ಚಾರ್ಜು ಮಾಡಿದರೆ ನುಣುಪಾದ ಆ ಹರಳುಗಳು ಕರಗಿ ಹಿಂದಿನ ರೂಪಕ್ಕೆ ಮರಳುತ್ತವೆ. ವಾರಗಟ್ಟಲೆ, ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಹರಳುಗಳು ದಪ್ಪಗಾಗಿ ಗಟ್ಟಿಯಾಗುತ್ತವೆ. ಬಳಿಕ ಎಷ್ಟು ಚಾರ್ಜು ಮಾಡಿದರೂ ಆ ಭಾಗ ಪೂರ್ತಿಯಾಗಿ ಜೀವಂತವಾಗುವುದಿಲ್ಲ. ಬಿತ್ತಿದ ಹೊಲ ಮಳೆಗೆ ಹೆಪ್ಪುಗಟ್ಟಿದಂತೆ ಎಂದರೆ ರೈತಾಪಿ ಗ್ರಾಹಕನಿಗೆ ತಕ್ಷಣ ತಿಳಿಯುತ್ತದೆ. ಬ್ಯಾಟರಿ ಖಾಲಿಯಾಗುವುದು ದೊಡ್ಡ ಹಾನಿಯಲ್ಲ, ಖಾಲಿಯಾಗಿ ಉಳಿಯುವುದು ಹಾನಿ.

ನಿಂತ ಗಾಡಿಯ ಬ್ಯಾಟರಿ ಖಾಲಿಯಾಗುವ ದಾರಿಗಳು ಎರಡು. ಒಂದು ಅದರ ಸ್ವಂತ ಸೋರಿಕೆ. ತಂತಿ ಜೋಡಿಸದೆ ಕಪಾಟಿನಲ್ಲಿಟ್ಟ ಬ್ಯಾಟರಿಯೂ ತಿಂಗಳಿಗೆ ಶೇಕಡಾ ಕೆಲವು ಅಂಶ ಚಾರ್ಜು ಕಳೆದುಕೊಳ್ಳುತ್ತದೆ. ಈ ಸೋರಿಕೆ ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಈ ಉದ್ಯಮದಲ್ಲಿ ರೂಢಿಯಲ್ಲಿರುವ ಲೆಕ್ಕ. ಕೈಪಿಡಿಗಳಲ್ಲಿ ಅಚ್ಚಾಗಿರುವ ಅವಧಿಗಳು ಸಾಮಾನ್ಯವಾಗಿ 25 ಡಿಗ್ರಿ ಸುಮಾರಿನ ಉಷ್ಣತೆಗೆ ಹೇಳಿದವು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ, ತಗಡಿನ ಶೆಡ್ಡಿನ ಒಳಗೆ ಅದಕ್ಕೂ ಹೆಚ್ಚು. ಅಲ್ಲಿಯ ಆರು ತಿಂಗಳ ಮಾತು ಇಲ್ಲಿ ಎರಡು ತಿಂಗಳ ಮಾತೆಂದು ತಿಳಿಯುವುದು ಕ್ಷೇಮ. ಶೀತದೇಶಗಳ ಪುಸ್ತಕಗಳು ಬ್ಯಾಟರಿ ಹೆಪ್ಪುಗಟ್ಟದಂತೆ ನೋಡಿಕೊಳ್ಳಿ ಎಂದು ಪುಟಗಟ್ಟಲೆ ಹೇಳುತ್ತವೆ. ಇಂಡಿಯ ಮಾಲೀಕನಿಗೆ ಅದು ಓದಿ ನಗಲು ಮಾತ್ರ.

ಎರಡನೆಯ ದಾರಿ ಗಾಡಿಯೇ ಕದಿಯುವ ವಿದ್ಯುತ್ತು. ಕೀಲಿ ತೆಗೆದ ಮೇಲೂ ಗಡಿಯಾರ, ಕಳ್ಳತನ ಎಚ್ಚರಿಕೆ, ರಿಮೋಟ್ ಬೀಗ, ಎಂಜಿನ್ ನಿಯಂತ್ರಣದ ನೆನಪುಕೋಶ ಇವೆಲ್ಲ ಸ್ವಲ್ಪಸ್ವಲ್ಪ ಎಳೆಯುತ್ತಲೇ ಇರುತ್ತವೆ. ಹಳೆಯ ಜೀಪು, ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಇದು ಇರಲಿಲ್ಲವೆಂದೇ ಹೇಳಬಹುದು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಮಾನದಂಡ ಬಂದ ಬಳಿಕದ ವಾಹನಗಳಲ್ಲಿ ವಿದ್ಯುನ್ಮಾನ ಸಾಧನಗಳು ಮತ್ತಷ್ಟು ಹೆಚ್ಚಾಗಿವೆ. ಅವುಗಳ ಮೇಲೆ, ಸಾಲ ಕೊಟ್ಟವರು ಅಥವಾ ಮಾಲೀಕರೇ ಜೋಡಿಸಿದ ಜಿಪಿಎಸ್ ಸಾಧನ ಬೇರೆ. ಗಾಜಿನ ಮೇಲಿನ ಫಾಸ್ಟ್ಯಾಗ್ ಬ್ಯಾಟರಿ ತಿನ್ನುತ್ತದೆ ಎಂದು ಕಿತ್ತಿಟ್ಟವರೂ ಇದ್ದಾರೆ. ಪಾಪ, ಅದು ಒಂದು ಹನಿಯನ್ನೂ ಕುಡಿಯುವುದಿಲ್ಲ.

ಈ ಸೋರಿಕೆಯ ಲೆಕ್ಕವನ್ನು ವರ್ತಕರು ಒಮ್ಮೆ ಹಾಕಿ ನೋಡಬೇಕು. ಚಿಕ್ಕ ಕಾರಿನ ಬ್ಯಾಟರಿ 35 ಆಂಪಿಯರ್ ಗಂಟೆಯದು ಎಂದಿಟ್ಟುಕೊಂಡರೆ, 30 ಮಿಲಿಆಂಪಿಯರ್ ಎಳೆತಕ್ಕೆ ದಿನಕ್ಕೆ 0.72 ಆಂಪಿಯರ್ ಗಂಟೆ ಖರ್ಚು. ಯುಗಾದಿಯಂದು ನಿಲ್ಲಿಸಿ ಹೋದ ಕಾರನ್ನು ಬಸವ ಜಯಂತಿಗೆ ಬಂದು ಚಾಲೂ ಮಾಡುವವರ ವಿಷಯ ತೆಗೆದುಕೊಳ್ಳೋಣ. ಸುಮಾರು 32 ದಿನಗಳಲ್ಲಿ 23 ಆಂಪಿಯರ್ ಗಂಟೆ ಹೋಗಿರುತ್ತದೆ, ಅಂದರೆ ಮೂರರಲ್ಲಿ ಎರಡು ಪಾಲು. ಬೇಸಿಗೆಯ ಸ್ವಂತ ಸೋರಿಕೆಯನ್ನೂ ಸೇರಿಸಿದರೆ ಉಳಿಯುವುದು ಮೂರರಲ್ಲೊಂದು ಪಾಲಿಗಿಂತ ಕಡಿಮೆ. ಎಳೆತ 50 ಮಿಲಿಆಂಪಿಯರ್ ಇದ್ದರೆ ಹದಿನೈದೇ ದಿನಕ್ಕೆ ಅರ್ಧ ಖಾಲಿ. ಇದು ಹೊಸ ಬ್ಯಾಟರಿಯ ಲೆಕ್ಕ. ಮೂರು ವರ್ಷ ದುಡಿದದ್ದರ ಸಂಗ್ರಹಶಕ್ತಿ ಮೊದಲೇ ಕುಗ್ಗಿರುತ್ತದೆ.

ಆದ್ದರಿಂದ ಒಂದು ತಿಂಗಳಿಗಿಂತ ಹೆಚ್ಚು ನಿಲ್ಲುವ ವಾಹನದಲ್ಲಿ ಋಣ ತುದಿಯ ತಂತಿಯನ್ನು ಬಿಚ್ಚಿಡುವುದು ಅತ್ಯಂತ ಅಗ್ಗದ ಉಪಾಯ. 10 ನಂಬರಿನ ಪಾನೆಯೊಂದು ಸಾಕು. ಬಿಚ್ಚುವಾಗ ಋಣ ತುದಿ ಮೊದಲು, ಜೋಡಿಸುವಾಗ ಅದು ಕೊನೆಗೆ. ಈ ಕ್ರಮ ತಪ್ಪಿದಾಗ ಪಾನೆ ಗಾಡಿಯ ಮೈಗೆ ತಗುಲಿ ಕಿಡಿ ಹಾರುತ್ತದೆ. ಗಡಿಯಾರದ ಸಮಯ, ರೇಡಿಯೊದ ನೆನಪು ಹೋಗಬಹುದು. ಕೆಲವು ಕಾರುಗಳಲ್ಲಿ ಕಿಟಕಿ ಮೇಲೇರಿಸುವ ವ್ಯವಸ್ಥೆಯನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಹೊಸ ಬ್ಯಾಟರಿಯ ಬೆಲೆಯ ಎದುರು ಇವು ಗಣನೆಗೆ ಬರುವ ತೊಂದರೆಗಳಲ್ಲ. ರಿಮೋಟ್ ಬೀಗವನ್ನಷ್ಟೇ ನೆಚ್ಚಿದ ಕಾರುಗಳಲ್ಲಿ ಬಾಗಿಲಿನ ಯಾಂತ್ರಿಕ ಕೀಲಿ ಎಲ್ಲಿದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಇಲ್ಲವಾದರೆ ಬಾನೆಟ್ ತೆರೆಯಲು ಬಾಗಿಲು ಬೇಕು, ಬಾಗಿಲು ತೆರೆಯಲು ಬ್ಯಾಟರಿ ಬೇಕು ಎಂಬ ಫಜೀತಿ.

ಬಿಚ್ಚುವ ಮುನ್ನ ಪೂರ್ತಿ ಚಾರ್ಜು ಆಗಿರಬೇಕು. ಇದನ್ನು ಊಹೆಯಿಂದ ಹೇಳುವುದು ಬೇಡ, ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಹೇಳುತ್ತದೆ. ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್ ಅಥವಾ ತುಸು ಹೆಚ್ಚು ತೋರಿಸಿದರೆ ತುಂಬಿದೆ ಎಂದರ್ಥ. 12.4ಕ್ಕೆ ಮುಕ್ಕಾಲು, 12.2ಕ್ಕೆ ಅರ್ಧ, 12ಕ್ಕೆ ಕಾಲು ಭಾಗ. ಅಂದರೆ 12 ವೋಲ್ಟಿನ ಬ್ಯಾಟರಿ 12 ವೋಲ್ಟ್ ತೋರಿಸುತ್ತಿದೆ ಎಂದು ನೆಮ್ಮದಿಯಿಂದ ಮನೆಗೆ ಹೋದವನು ಮುಕ್ಕಾಲು ಖಾಲಿಯಾದ ಬ್ಯಾಟರಿಯನ್ನು ಬಿಟ್ಟುಹೋಗಿದ್ದಾನೆ. ಈ ಒಂದು ತಪ್ಪು ತಿಳಿವಳಿಕೆಯಿಂದ ಹಾಳಾದ ಬ್ಯಾಟರಿಗಳು ಲೆಕ್ಕವಿಲ್ಲ. ಮೀಟರು 12.4ಕ್ಕೆ ಇಳಿದಾಗ ಮರುಚಾರ್ಜು ಮಾಡುವುದು ಯೋಗ್ಯ.

ಪ್ರಚಲಿತವಾಗಿರುವ ಇನ್ನೊಂದು ಪದ್ಧತಿಯನ್ನು ಕೈಬಿಡಬೇಕಾಗಿದೆ. ವಾರಕ್ಕೊಮ್ಮೆ ಮನೆಯ ಹಿರಿಯರೊಬ್ಬರು ಕಾರನ್ನು ಐದು ನಿಮಿಷ ಚಾಲೂ ಮಾಡಿ ಬಂದ್ ಮಾಡುತ್ತಾರೆ. ಉದ್ದೇಶ ಒಳ್ಳೆಯದು, ಫಲ ಅತ್ಯಲ್ಪ. ನಿಂತಲ್ಲೇ ನಿಧಾನವಾಗಿ ತಿರುಗುವ ಎಂಜಿನ್‌ನಿಂದ ಬ್ಯಾಟರಿಗೆ 10 ಆಂಪಿಯರ್ ಸಿಕ್ಕಿತೆಂದೇ ಇಟ್ಟುಕೊಂಡರೂ ಐದು ನಿಮಿಷಕ್ಕೆ ಒಂದು ಆಂಪಿಯರ್ ಗಂಟೆಯೂ ತುಂಬುವುದಿಲ್ಲ. ಅದೇ ವಾರದಲ್ಲಿ ಸೋರಿಹೋದದ್ದು ಐದು. ಎಂಜಿನ್ ಬಿಸಿಯೇರುವ ಮುನ್ನ ನಿಂತರೆ ಸೈಲೆನ್ಸರಿನಲ್ಲೂ ಆಯಿಲ್‌ನಲ್ಲೂ ತೇವ ಉಳಿದು ತುಕ್ಕಿಗೆ ದಾರಿ. ಚಾಲೂ ಮಾಡುವುದಾದರೆ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ರಸ್ತೆಯ ಮೇಲೆ ಓಡಿಸಬೇಕು. ಅದು ಸಾಧ್ಯವಿಲ್ಲವಾದರೆ ತಂತಿ ಬಿಚ್ಚಿ ಸುಮ್ಮನಿರುವುದೇ ಲೇಸು.

ಬ್ಯಾಟರಿಯನ್ನು ನೆಲದ ಮೇಲಿಟ್ಟರೆ ಭೂಮಿ ಚಾರ್ಜು ಎಳೆದುಕೊಳ್ಳುತ್ತದೆ ಎಂಬ ನಂಬಿಕೆಯೂ ವ್ಯಾಪಕವಾಗಿದೆ. ಕಟ್ಟಿಗೆ ಅಥವಾ ಗಟ್ಟಿ ರಬ್ಬರಿನ ಪೆಟ್ಟಿಗೆಗಳಿದ್ದ ಕಾಲದಲ್ಲಿ ಅದಕ್ಕೆ ಆಧಾರವಿತ್ತು, ಇಂದಿನ ಪ್ಲಾಸ್ಟಿಕ್ ಕವಚಕ್ಕೆ ಇಲ್ಲ. ಹಲಗೆಯ ಮೇಲಿಡುವುದರಿಂದ ನಷ್ಟವೇನೂ ಇಲ್ಲವಾದ್ದರಿಂದ ಅಜ್ಜನೊಡನೆ ವಾದಕ್ಕಿಳಿಯುವ ಅಗತ್ಯವಿಲ್ಲ. ವಾದ ಮಾಡಬೇಕಾದದ್ದು ಜಾಗದ ಉಷ್ಣತೆಯ ಬಗ್ಗೆ. ದಪ್ಪ ಗೋಡೆಯ, ಮಣ್ಣಿನ ಮೇಲ್ಮುದ್ದೆಯ ಹಳೆಯ ಮನೆ ಇನ್ನೂ ಉಳಿದಿದ್ದರೆ ಬೇಸಿಗೆಯಲ್ಲಿ ಬ್ಯಾಟರಿಗೆ ಅದಕ್ಕಿಂತ ಉತ್ತಮ ಸ್ಥಳವಿಲ್ಲ. ಹೊಸ ಆರ್‌ಸಿಸಿ ಮನೆಯ ಮಾಳಿಗೆಯ ಮೇಲಿನ ಕೋಣೆ ಅದಕ್ಕೆ ಅತಿ ಕೆಟ್ಟ ಸ್ಥಳ. ತಂಪೆಂದು ಹಗೇವಿನಂತಹ ಗಾಳಿಯಾಡದ ಕಡೆಯಲ್ಲೂ ಇಡಕೂಡದು. ಚಾರ್ಜು ಮಾಡುವಾಗ ಹೊರಬರುವ ಜಲಜನಕ ಗಾಳಿಯಲ್ಲಿ ಶೇಕಡಾ 4ರಷ್ಟು ಸೇರಿದರೂ ಕಿಡಿ ತಗುಲಿ ಸ್ಫೋಟಿಸಬಲ್ಲದು. ಬೀಡಿ ಹಚ್ಚಿಕೊಂಡು ಬ್ಯಾಟರಿಯ ಬಿರಡೆ ತೆರೆದು ಇಣುಕುವ ಧೈರ್ಯವಂತರು ಇದನ್ನು ಗಮನಿಸಬೇಕು.

ನೀರಿನ ವಿಷಯದಲ್ಲಿ ಈ ಭಾಗ ವಿಶೇಷ ಎಚ್ಚರ ವಹಿಸಬೇಕು. ಬೋರ್‌ವೆಲ್ ನೀರು ಎಷ್ಟು ಗಡುಸು ಎಂಬುದು ಇಲ್ಲಿ ಪಾತ್ರೆ ತೊಳೆಯುವವರಿಗೆಲ್ಲ ಗೊತ್ತು. ಆ ಲವಣ ಬ್ಯಾಟರಿಯೊಳಗೆ ಹೋದರೆ ಫಲಕಗಳು ಸವೆಯುತ್ತವೆ, ಸೋರಿಕೆ ಹೆಚ್ಚುತ್ತದೆ. ಊರೂರಿನ ಶುದ್ಧ ನೀರಿನ ಘಟಕದ ನೀರು ಕುಡಿಯಲು ಯೋಗ್ಯ, ಬ್ಯಾಟರಿಗೆ ಅಲ್ಲ. ಅದರಲ್ಲೂ ಲವಣ ಉಳಿದಿರುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಫಲಕಗಳು ಹೊರಗೆ ಕಾಣುತ್ತಿದ್ದರೆ ಮುಳುಗುವಷ್ಟು ಮೊದಲೇ ಹಾಕಿ, ಉಳಿದದ್ದನ್ನು ಪೂರ್ತಿ ಚಾರ್ಜು ಆದ ಬಳಿಕ ತುಂಬಬೇಕು. ಆಮ್ಲವನ್ನು ಮತ್ತೆ ಸೇರಿಸುವ ಪದ್ಧತಿ ತಪ್ಪು. ಆವಿಯಾಗಿ ಹೋಗುವುದು ನೀರೇ ಹೊರತು ಆಮ್ಲವಲ್ಲ.

ಸಣ್ಣ ಉದ್ದಿಮೆದಾರರ ಗಮನಕ್ಕೆ ಬರಬೇಕಾದದ್ದು ಜನರೇಟರಿನ ಬ್ಯಾಟರಿ. ದಾಲ್ ಮಿಲ್, ಎಣ್ಣೆ ಗಾಣ, ಜಿನ್ನಿಂಗ್ ಕಾರ್ಖಾನೆಗಳಲ್ಲಿ ಅದೂ ನಿಂತ ವಾಹನದಂತೆಯೇ. ಅಲ್ಲಿ ಇನ್ನೊಂದು ಬಗೆಯ ಮರಣವೂ ಉಂಟು. ನಿಯಂತ್ರಣವಿಲ್ಲದ ಹಳೆಯ ಚಾರ್ಜರನ್ನು ವರ್ಷವಿಡೀ ಜೋಡಿಸಿಟ್ಟರೆ ಬ್ಯಾಟರಿ ಕುದಿದು ನೀರು ಆರಿ ಫಲಕ ಸವೆಯುತ್ತದೆ. ಬಹುಕಾಲ ಜೋಡಿಸಿಡುವ ಚಾರ್ಜರು 13.2ರಿಂದ 13.5 ವೋಲ್ಟಿನ ಆಸುಪಾಸಿನಲ್ಲಿ ತಾನೇ ತಗ್ಗುವಂತಹುದಾಗಿರಬೇಕು. ವಿದ್ಯುತ್ತು ಖಚಿತವಿಲ್ಲದ ತೋಟದ ಶೆಡ್ಡುಗಳಿಗೆ, ಟ್ರ್ಯಾಕ್ಟರ್ ಮತ್ತು ಕಟಾವು ಯಂತ್ರಗಳಿಗೆ ಸೌರಫಲಕ ಉತ್ತಮ ಪರಿಹಾರ. 10 ವ್ಯಾಟಿನ ಚಿಕ್ಕ ಫಲಕವೊಂದು ಒಳ್ಳೆಯ ಬಿಸಿಲಿನ ದಿನ ಎರಡು ಮೂರು ಆಂಪಿಯರ್ ಗಂಟೆ ಕೊಡುತ್ತದೆ, ಸೋರಿಕೆಗಿಂತ ಹೆಚ್ಚೇ. ನಡುವೆ ನಿಯಂತ್ರಕ ಇರಲೇಬೇಕು. ಬಿಸಿಲಿಗಾದರೂ ಈ ನಾಲ್ಕು ತಾಲ್ಲೂಕುಗಳಲ್ಲಿ ಬರವಿಲ್ಲ.

ವಿದ್ಯುತ್ ವಾಹನಗಳ ಮಾಲೀಕರೂ ಈ ಚಿಂತೆಯಿಂದ ಪಾರಾಗಿಲ್ಲ. ವಿದ್ಯುತ್ ಕಾರಿನಲ್ಲೂ ದೀಪ, ಬೀಗಗಳಿಗೆ 12 ವೋಲ್ಟಿನ ಪ್ರತ್ಯೇಕ ಬ್ಯಾಟರಿ ಇರುತ್ತದೆ, ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಎಚ್ಚರಗೊಳ್ಳದು. ದೊಡ್ಡ ಲಿಥಿಯಂ ಬ್ಯಾಟರಿಯ ಸ್ವಭಾವವೋ ತದ್ವಿರುದ್ಧ. ಅದನ್ನು ಬಹುಕಾಲ ಇಡುವಾಗ ಅರ್ಧದಷ್ಟು ಚಾರ್ಜಿನಲ್ಲಿಡುವುದು ಹಿತ, ಸೀಸದ್ದನ್ನು ಪೂರ್ತಿ ತುಂಬಿಯೇ ಇಡಬೇಕು. ಎರಡನ್ನೂ ಮಾರುವ ಅಂಗಡಿಯವರು ಈ ವ್ಯತ್ಯಾಸವನ್ನು ಗ್ರಾಹಕನಿಗೆ ಬಾಯಿಬಿಟ್ಟು ಹೇಳಬೇಕು.

ಇಲ್ಲಿಗೆ ಮಾಲೀಕನ ಪಾಲು ಮುಗಿಯಿತು. ವರ್ತಕರ ಪಾಲಿನ ಮಾತು ಸ್ವಲ್ಪ ಕಹಿಯಾಗಿದೆ.

ಹಿಂದೆ ಬ್ಯಾಟರಿಗಳು ಒಣಗಿದ ಸ್ಥಿತಿಯಲ್ಲಿ ಅಂಗಡಿಗೆ ಬರುತ್ತಿದ್ದವು. ಗ್ರಾಹಕ ಬಂದ ದಿನ ಆಮ್ಲ ತುಂಬಿ, ಮೊದಲ ಚಾರ್ಜು ಕೊಟ್ಟು, ಮರುದಿನ ಒಪ್ಪಿಸಲಾಗುತ್ತಿತ್ತು. ಬ್ಯಾಟರಿಯ ಆಯುಷ್ಯ ಆರಂಭವಾಗುತ್ತಿದ್ದುದು ಅಂಗಡಿಯಲ್ಲಿ. ಕಾರ್ಖಾನೆಯಲ್ಲೇ ತುಂಬಿ ಚಾರ್ಜು ಮಾಡಿದ, ನಿರ್ವಹಣೆ ಬೇಡದ ಬ್ಯಾಟರಿಗಳು 2000ದ ನಂತರ ಮಾರುಕಟ್ಟೆಯನ್ನು ವ್ಯಾಪಿಸಿದಾಗ ವ್ಯಾಪಾರ ಸುಲಭವಾಯಿತು. ಆದರೆ ಸೋರಿಕೆಯ ಗಡಿಯಾರ ಕಾರ್ಖಾನೆಯ ಬಾಗಿಲಿನಿಂದಲೇ ಓಡತೊಡಗಿತು. ದಾಸ್ತಾನು ಕೋಣೆಯಲ್ಲಿ ನಾಲ್ಕು ತಿಂಗಳು ಕುಳಿತು, ಪಶ್ಚಿಮದ ಬಿಸಿಲು ಬೀಳುವ ಮುಂಗಟ್ಟಿನಲ್ಲಿ ಎರಡು ತಿಂಗಳು ಅಲಂಕಾರಕ್ಕೆ ನಿಂತ ಬ್ಯಾಟರಿ ಗ್ರಾಹಕನ ಕೈಸೇರುವ ಮುನ್ನವೇ ಗಟ್ಟಿ ಸಲ್ಫೇಟಿನ ಪದರ ಕಟ್ಟಿಕೊಂಡಿರುತ್ತದೆ. ಗ್ರಾಹಕ ಕಳಪೆ ಎಂದದ್ದು ಅಂತಹ ಪ್ರಸಂಗಗಳಲ್ಲಿ ಸುಳ್ಳಲ್ಲ. ತಯಾರಕನ ದೋಷ ಅದರಲ್ಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಮೊದಲು ಬಂದ ಮಾಲು ಮೊದಲು ಹೋಗಬೇಕು ಎಂಬ ನಿಯಮವನ್ನು ಕಿರಾಣಿ ಅಂಗಡಿಯ ಹುಡುಗನೂ ಪಾಲಿಸುತ್ತಾನೆ. ಬ್ಯಾಟರಿ ಅಂಗಡಿಗಳಲ್ಲಿ ಹೊಸ ಮಾಲು ಮುಂದೆ, ಹಳೆಯದು ಗೋಡೆಯ ಮೂಲೆಯಲ್ಲಿ ಕಾಣುವುದೇಕೆ? ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ದಾಸ್ತಾನಿನ ಪ್ರತಿ ಬ್ಯಾಟರಿಗೂ ಮೀಟರು ಹಚ್ಚಿ, 12.4ಕ್ಕಿಂತ ಇಳಿದದ್ದನ್ನು ಚಾರ್ಜಿಗೆ ಹಾಕುವುದು ಒಬ್ಬ ನೌಕರನ ಒಂದು ಮಧ್ಯಾಹ್ನದ ಕೆಲಸ. ಬ್ಯಾಟರಿಗಳು ಬೇಗ ಸತ್ತರೆ ಹೊಸದು ಬೇಗ ಮಾರಾಟವಾಗುತ್ತದೆ ಎಂದು ಒಳಗೊಳಗೆ ಎಣಿಸುವವರು ಇಲ್ಲದಿಲ್ಲ. ಇಂಡಿಯ ಗ್ರಾಹಕನಿಗೆ ಸೊಲ್ಲಾಪುರ ದೂರವಲ್ಲ, ಬಾಗೇವಾಡಿಯವನಿಗೆ ವಿಜಯಪುರ ದೂರವಲ್ಲ. ಒಮ್ಮೆ ಕೆಟ್ಟ ಅನುಭವವಾದವನು ಮುಂದಿನ ಬ್ಯಾಟರಿಯನ್ನಷ್ಟೇ ಅಲ್ಲ, ಟೈರು, ಆಯಿಲ್, ಬಿಡಿಭಾಗಗಳನ್ನೂ ಅಲ್ಲಿಂದಲೇ ತರುತ್ತಾನೆ.

2025ರ ಸೆಪ್ಟೆಂಬರ್ 22ರಿಂದ ಈ ಬ್ಯಾಟರಿಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಬೆಲೆ ತಗ್ಗಿದ ಮೇಲೆ ಇಷ್ಟೊಂದು ಜೋಪಾನ ಏಕೆ ಎಂಬ ಮಾತೂ ಕೇಳಿಬರುತ್ತದೆ. ತೆರಿಗೆಯ ಇಳಿಕೆಯಿಂದ ಗ್ರಾಹಕನಿಗೆ ಆಗುವ ಉಳಿತಾಯ ಒಟ್ಟು ಬೆಲೆಯ ಶೇಕಡಾ 8ರಷ್ಟು. ನಾಲ್ಕು ವರ್ಷ ಬಾಳಬೇಕಾದದ್ದು ಎರಡೇ ವರ್ಷಕ್ಕೆ ಹೋದರೆ ವರ್ಷವಾರು ವೆಚ್ಚ ಇಮ್ಮಡಿ. ಖಾತೆ ಪುಸ್ತಕ ಬರೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೊತೆಗೆ ಅಕಾಲದಲ್ಲಿ ಸತ್ತ ಪ್ರತಿ ಬ್ಯಾಟರಿಯೂ ಗುಜರಿಗೆ ಹೋಗುವ ಸೀಸ, ಅದರ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಅದೇ. 2001ರ ನಿಯಮಗಳ ಜಾಗಕ್ಕೆ ಬಂದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದು ನೋಂದಾಯಿತ ಸಂಸ್ಕರಣಕಾರರಿಗೆ ಸೇರಬೇಕು. ಊರ ಹೊರಗೆ ಕುಲುಮೆ ಹಚ್ಚಿ ಕರಗಿಸುವವನ ಕೈಗಲ್ಲ.

ತಾಲ್ಲೂಕು ಕೇಂದ್ರಗಳಲ್ಲಿ ಹಿಂದೆ ಬ್ಯಾಟರಿ ಚಾರ್ಜಿಂಗ್ ಅಂಗಡಿಗಳು ಚೆನ್ನಾಗಿ ನಡೆಯುತ್ತಿದ್ದವು. ನಿರ್ವಹಣೆ ಬೇಡದ ಬ್ಯಾಟರಿ ಬಂದ ಮೇಲೆ ಅನೇಕರು ಆ ಕಸುಬನ್ನು ಬಿಟ್ಟರು. ಅವರಿಗೆ ಈಗ ಹೊಸ ಕೆಲಸವಿದೆ, ಯಾರೂ ಕೈಹಾಕಿಲ್ಲ ಅಷ್ಟೆ. ಹಂಗಾಮು ಮುಗಿದ ಟ್ರ್ಯಾಕ್ಟರ್, ಲಾರಿ, ಕಟಾವು ಯಂತ್ರಗಳ ಬ್ಯಾಟರಿಗಳನ್ನು ಠೇವಣಿಯಂತೆ ಇಟ್ಟುಕೊಂಡು, ತಿಂಗಳಿಗೊಮ್ಮೆ ಸಂಗ್ರಹಶಕ್ತಿಯ ಹತ್ತನೆಯ ಒಂದು ಪಾಲಿನ ಪ್ರವಾಹದಲ್ಲಿ ಚಾರ್ಜು ಮಾಡಿ, ಮಹಾನವಮಿಯ ಮುನ್ನ ಮರಳಿಸುವ ವ್ಯವಸ್ಥೆಗೆ ತಂಪಾದ, ಗಾಳಿಯಾಡುವ ಒಂದು ಕೋಣೆ, ಎರಡು ಒಳ್ಳೆಯ ಚಾರ್ಜರು, ಒಂದು ನೋಂದಣಿ ಪುಸ್ತಕ ಸಾಕು. ಬಾಡಿಗೆ ಎಷ್ಟೆಂಬುದನ್ನು ಆಯಾ ಊರಿನ ಮಾರುಕಟ್ಟೆ ನಿರ್ಧರಿಸಲಿ. ಕಬ್ಬು ಸಾಗಿಸುವ ಗುತ್ತಿಗೆದಾರರ ಬಳಿ ಹತ್ತಿಪ್ಪತ್ತು ಗಾಡಿಗಳಿರುವುದುಂಟು, ಅಂತಹ ಇಬ್ಬರು ಗಿರಾಕಿಗಳು ಸಿಕ್ಕರೂ ಕೋಣೆ ತುಂಬುತ್ತದೆ. ಹೊಸ ಬ್ಯಾಟರಿ ಮಾರುವ ಅಂಗಡಿಯವರು ಇದನ್ನು ತಮ್ಮ ಎದುರಾಳಿ ವ್ಯಾಪಾರವೆಂದು ನೋಡದೆ ತಾವೇ ಆರಂಭಿಸುವುದು ಜಾಣತನ.

ಅಲ್ಲಿಯವರೆಗೆ ಒಂದು ಚಿಕ್ಕ ಬದಲಾವಣೆಯನ್ನು ನಾಳೆಯಿಂದಲೇ ಮಾಡಬಹುದು. ಬಿಲ್ಲಿನಲ್ಲಿ ಬ್ಯಾಟರಿಯ ಕ್ರಮಸಂಖ್ಯೆ, ತಯಾರಾದ ತಿಂಗಳು ಇವುಗಳ ಪಕ್ಕದಲ್ಲಿ, ಗ್ರಾಹಕನ ಎದುರಿಗೇ ಮೀಟರು ಹಚ್ಚಿ ಕಂಡ ವೋಲ್ಟೇಜನ್ನೂ ಬರೆದು ಸಹಿ ಹಾಕಬೇಕು. 12.6 ಎಂದು ಬರೆದುಕೊಟ್ಟ ಅಂಗಡಿಗೆ ಎಂಟು ತಿಂಗಳ ಬಳಿಕ ಸತ್ತ ಬ್ಯಾಟರಿ ಹೊತ್ತು ಬಂದವನೊಡನೆ ಮಾತು ಆ ಅಂಕಿಯಿಂದ ಆರಂಭವಾಗುತ್ತದೆ. 12.3 ಎಂದು ಬರೆಯಬೇಕಾಗಿ ಬಂದ ಅಂಗಡಿಯವನು ಅದನ್ನು ಮಾರುವ ಬದಲು ರಾತ್ರಿಯಿಡೀ ಚಾರ್ಜಿಗೆ ಹಾಕಿ, ಗ್ರಾಹಕನಿಗೆ ಬೆಳಿಗ್ಗೆ ಬರಲು ಹೇಳುತ್ತಾನೆ.